ಅಕ್ಕಿಕಾಳಿಗೆ ಗ್ರಾಫಿಕ್ಸ್

ಶಿರಹಟ್ಟಿಯ ಸಮೀವುಲ್ಲಾನ ವಿಡಿಯೋ ಕ್ಯಾಮೆರಾಕ್ಕೆ ಒಂದು ಕೆಂಪು ದೀಪವಿತ್ತು. ಅದು ಹತ್ತಿದರೆ ಕ್ಯಾಮೆರಾ ನಡೆಯುತ್ತಿದೆ, ಆರಿದರೆ ನಿಂತಿದೆ. ಇಷ್ಟೇ ಇಷ್ಟು ಸಂಗತಿ ಹದಿನಾಲ್ಕು ವರ್ಷ ಮದುವೆಗಳ ವಿಡಿಯೋ ತೆಗೆದರೂ ಅವನ ತಲೆಗೆ ಹೋಗಿರಲಿಲ್ಲ. ನಿಲ್ಲಿಸಿದೆನೆಂದು ಅವನು ತಿಳಿದಾಗ ಅದು ನಡೆಯುತ್ತಿತ್ತು. ನಡೆಸಿದೆನೆಂದು ತಿಳಿದಾಗ ನಿಂತಿರುತ್ತಿತ್ತು. ಹೀಗಾಗಿ ತಾಲೂಕಿನ ಎಷ್ಟೋ ಮದುವೆಯ ಸಿ.ಡಿ.ಗಳಲ್ಲಿ ವಧೂವರರನ್ನು ಬಿಟ್ಟರೆ ಅತಿ ಹೆಚ್ಚು ಹೊತ್ತು ಕಾಣಿಸಿಕೊಳ್ಳುತ್ತಿದ್ದದ್ದು ಸಮೀವುಲ್ಲಾನ ಎಡಗಾಲಿನ ಚಪ್ಪಲಿ. ಜನ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮನುಷ್ಯ ಒಳ್ಳೆಯವನು, ಕರೆದ ಹೊತ್ತಿಗೆ ಬರುತ್ತಾನೆ, ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರುತ್ತಾನೆ. ಚಪ್ಪಲಿಯೂ ನೋಡಲು ತಕ್ಕಮಟ್ಟಿಗೆ ಚೆನ್ನಾಗಿತ್ತು.

ಗದಗ ಹೊಸ ಜಿಲ್ಲೆಯಾಗಿ ಹತ್ತು ವರ್ಷ ತುಂಬಿದ ಆ ಬೇಸಿಗೆಯಲ್ಲಿ ಶೇಂಗಾ ವ್ಯಾಪಾರದ ಪುಂಡಲೀಕಪ್ಪ ತನ್ನ ಮಗಳು ಶೈಲಾಳನ್ನು ಮುಂಡರಗಿಗೆ ಕೊಟ್ಟು ಶಿರಹಟ್ಟಿಯಲ್ಲೇ ಜೋರಾಗಿ ಮದುವೆ ಮಾಡಿದ. ಆ ಮನೆಯ ವಿಡಿಯೋ ಚೆನ್ನಾಗಿ ಬಂದರೆ ಮುಂದಿನ ಹಂಗಾಮಿನ ಮದುವೆಗಳೆಲ್ಲ ಸಮೀವುಲ್ಲಾನವೇ. ಕೆಟ್ಟರೆ ಲಕ್ಷ್ಮೇಶ್ವರದ ವಿಡಿಯೋದವರು ಬಂದು ಶಿರಹಟ್ಟಿಯಲ್ಲಿ ಟೆಂಟು ಹೊಡೆಯುತ್ತಾರೆ, ಸಮೀವುಲ್ಲಾ ಅಂಗಡಿ ಮುಚ್ಚಿ ಮಾವನ ಬಳೆ ವ್ಯಾಪಾರಕ್ಕೆ ಹೆಗಲು ಕೊಡಬೇಕಾಗುತ್ತದೆ. ಇದನ್ನು ಅವನ ಹೆಂಡತಿ ಗುಲ್ನಾಜ ಹಿಂದಿನ ದಿನವೇ ಮೂರು ಸಲ ಹೇಳಿದ್ದಳು. ಮಾವನ ಹೆಸರು ತೆಗೆದದ್ದರಿಂದ ಮೂರು ಸಲವೂ ಅವನಿಗೆ ಚೆನ್ನಾಗಿ ಕೇಳಿಸಿತ್ತು.

ಬೆಳಗಿನ ಐದು ಗಂಟೆಯಿಂದ ಒಂದು ಗುಟುಕು ಚಹಾದ ಮೇಲೆ ಅವನು ದುಡಿದ. ವಧೂವರರ ಮೇಲೆ ಅಕ್ಕಿಕಾಳು ಬೀಳಲು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಬ್ಯಾಟರಿ ಮುಗಿಯಿತು. ಇನ್ನೊಂದು ಬ್ಯಾಟರಿ ಉಗ್ರಾಣದಲ್ಲಿ ಚಾರ್ಜಾಗುತ್ತಿತ್ತು. ಇಡೀ ಕಲ್ಯಾಣ ಮಂಟಪದಲ್ಲಿ ಖಾಲಿ ಉಳಿದಿದ್ದ ಪ್ಲಗ್ಗು ಅದೊಂದೇ. ಅಲ್ಲಿ ಪುಂಡಲೀಕಪ್ಪನ ತಾಯಿ ಫಕ್ಕೀರವ್ವ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಂದೇ ಉಂಡಿಯ ಬುಟ್ಟಿಗಳ ನಡುವೆ ಕಾವಲಿಗೆ ಕೂತಿದ್ದಳು. ಹಿಂದೊಮ್ಮೆ ಆ ಮನೆಯ ಮದುವೆಯಲ್ಲಿ ಎರಡು ಬುಟ್ಟಿ ಉಂಡಿ ಕಾಲು ಬಂದು ನಡೆದು ಹೋಗಿದ್ದವು. ಹಾಗಾಗಿ ಈ ಸಲ ಉಗ್ರಾಣಕ್ಕೆ ಅವ್ವನೇ ಸರಿ ಎಂದು ಮಗ ತೀರ್ಮಾನಿಸಿದ್ದ. ಎಪ್ಪತ್ತೆಂಟು ವರ್ಷದ ಮುದುಕಿ, ಎತ್ತಿ ಆಡಿಸಿದ ಮೊಮ್ಮಗಳ ಅಕ್ಕಿಕಾಳು ಹೊರಗೆ, ತಾನು ಆರುನೂರು ಉಂಡಿಗಳ ಜೊತೆ ಒಳಗೆ.

ಸಮೀವುಲ್ಲಾ ಬ್ಯಾಟರಿ ಬದಲಿಸಿ, ಹೊಸ ಕ್ಯಾಸೆಟ್ಟು ಹಾಕಿ, ಗುಂಡಿ ಒತ್ತಿ ಪರೀಕ್ಷಿಸಿ, ಕ್ಯಾಮೆರಾವನ್ನು ಅಕ್ಕಿ ಚೀಲದ ಮೇಲಿಟ್ಟ. ಅವನ ಬಾಡಿದ ಮುಖ ನೋಡಿ ಫಕ್ಕೀರವ್ವ ಒಂದು ಉಂಡಿ ಕೊಟ್ಟಳು. ಅದು ಹೋದ ವೇಗ ನೋಡಿ ಇನ್ನೊಂದು ಕೊಟ್ಟಳು. ನಾಲ್ಕನೆಯದು ಬಾಯಲ್ಲಿರುವಾಗ ಹೊರಗೆ ಬ್ಯಾಂಡಿನವರು ಒಮ್ಮೆಲೇ ಊದಿದರು. ಸಮೀವುಲ್ಲಾ ಎದ್ದು ಓಡಿದ, ವೇದಿಕೆ ಹತ್ತಿದ, ಅಲ್ಲಿಟ್ಟಿದ್ದ ದೊಡ್ಡ ಲೈಟು ಎತ್ತಿ ಹೊತ್ತಿಸಿದ. ಆ ಬೆಳಕಿಗೆ ಇಡೀ ಮಂಟಪ ಮುಖ ಕೊಟ್ಟು ನಕ್ಕಿತು. ಮುಂಡರಗಿಯ ಬೀಗರು ಪೇಟ ಸರಿಮಾಡಿಕೊಂಡರು. ಆಗ ಅವನು ಕ್ಯಾಮೆರಾ ಹಿಡಿಯಲು ಹೆಗಲಿಗೆ ಕೈ ಒಯ್ದ. ಅಲ್ಲಿ ಹೆಗಲು ಬಿಟ್ಟು ಬೇರೇನೂ ಇರಲಿಲ್ಲ.

ಹಿಂದೆ ಹೋಗಲು ದಾರಿಯಿರಲಿಲ್ಲ, ನಾಲ್ಕೂ ಕಡೆ ಜನ. ಸಮೀವುಲ್ಲಾ ಬರಿಯ ಲೈಟು ಹಿಡಿದುಕೊಂಡೇ ಮಂಗಳಾಷ್ಟಕ ಮುಗಿಯುವ ತನಕ ಆ ಕಡೆಗೆ, ಈ ಕಡೆಗೆ ತಿರುಗಿದ. ಕ್ಯಾಮೆರಾ ಇಲ್ಲವೆಂದು ಒಬ್ಬರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಬೆಳಕಿನ ಮೇಲಿತ್ತು.

ಆ ರಾತ್ರಿ ಮನೆಯಲ್ಲಿ ಮೂರನೇ ಕ್ಯಾಸೆಟ್ಟು ಹಾಕಿ ನೋಡಿದರೆ, ಯಥಾಪ್ರಕಾರ ನಿಲ್ಲಿಸಿದೆನೆಂದು ತಿಳಿದ ಕ್ಯಾಮೆರಾ ನಡೆದಿತ್ತು. ಪರದೆಯ ತುಂಬ ಅವನದೇ ಮುಖ, ಉಬ್ಬಿದ ಗಲ್ಲ, ಮೀಸೆಯಲ್ಲಿ ಬುಂದೇ ಕಾಳು. ಮುಂದೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಕ್ಯಾಸೆಟ್ಟು ತೆಗೆದು ಜೋಳದ ಡಬ್ಬಿಯ ತಳದಲ್ಲಿ ಹೂತುಬಿಟ್ಟ.

ಅಕ್ಕಿಕಾಳಿನದೆಂದು ಅವನ ಕೈಗೆ ಸಿಕ್ಕಿದ್ದು ಬೀಗರ ಕಡೆಯವರೊಬ್ಬರು ತೆಗೆದ ಒಂದೇ ಒಂದು ಫೋಟೋ. ಅದರಲ್ಲಿ ಮೇಲೆತ್ತಿದ ಏಳು ಕೈ ಮತ್ತು ಅರ್ಧ ಬಾಸಿಂಗ ಇದ್ದವು. ಸಮೀವುಲ್ಲಾ ಯೋಚಿಸಿದ. ಈ ಫೋಟೋವನ್ನು ನಾಲ್ಕು ನಿಮಿಷ ಗಿರಗಿರ ತಿರುಗಿಸಿ, ಮೇಲಿಂದ ಗುಲಾಬಿ ಹೂ ಸುರಿಸಿ, ಹಿಂದೆ ಜಲಪಾತ ಇಳಿಸಿದರೆ ಯಾರಿಗೆ ಏನು ತಿಳಿಯುತ್ತದೆ? ಉಪಾಯ ಪಕ್ಕಾ ಇತ್ತು. ಆದರೆ ಅಂಗಡಿಯ ಕಂಪ್ಯೂಟರು ಆರು ವರ್ಷ ಹಳೆಯದು. ಮೊದಲನೇ ಗುಲಾಬಿ ಅರ್ಧ ದಾರಿಗೆ ಬಂದು ನಿಂತಿತು. ಬೆಳಿಗ್ಗೆ ನೋಡಿದರೂ ಅಲ್ಲೇ ನಿಂತಿತ್ತು. ಗದಗಿನಲ್ಲಿ ಆ ಕಂಪ್ಯೂಟರು ಮಾರಿದ್ದ ವೀರುವಿಗೆ ಫೋನು ಹಚ್ಚಿದಾಗ, ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿ, ಮೆಮೊರಿ ಹೆಚ್ಚಿಸದ ಹೊರತು ಅದು ಹೂ ಸುರಿಸುವುದಿಲ್ಲ ಎಂದು ತಿಳಿಯಿತು.

ಇಷ್ಟರಲ್ಲಿ ಫಕ್ಕೀರವ್ವ ಅಂಗಡಿಗೆ ಬಂದು ಕೂರಲು ಶುರುಮಾಡಿದ್ದಳು. ದಿನಾ ಹತ್ತಕ್ಕೆ ಬರುವಳು, ಎಲೆ ಅಡಿಕೆ ಹಾಕುವಳು, ಒಂದೇ ಪ್ರಶ್ನೆ ಕೇಳುವಳು.

“ಶೈಲಾನ ಅಕ್ಕಿಕಾಳು ಯಾವಾಗ ತೋರಸ್ತೀಯೋ ತಮ್ಮಾ? ನಾ ಒಬ್ಬಾಕಿನ ನೋಡದs ಉಳದೀನಿ.”

ಅದರ ಬೆನ್ನಿಗೇ ಎರಡನೆಯ ಮಾತೂ ಬರುತ್ತಿತ್ತು. ಮದುವೆಯಲ್ಲಿ ಕೊನೆಗೆ ಎಣಿಸಿದಾಗ, ಸಮೀವುಲ್ಲಾನ ನಾಲ್ಕನ್ನು ಬಿಟ್ಟು, ಇಪ್ಪತ್ತೊಂದು ಉಂಡಿ ಕಡಿಮೆ ಬಿದ್ದಿದ್ದವು. ಸೊಸೆ, ಮುದುಕಿಗೆ ಕಣ್ಣು ಮಂಜಾಗಿವೆ, ಕೂರಿಸಿದ್ದೇ ತಪ್ಪು ಎಂದು ನಾಲ್ಕು ಮಂದಿಯ ಎದುರು ಅಂದಿದ್ದಳು. ಅದು ಫಕ್ಕೀರವ್ವನಿಗೆ ಮುಳ್ಳಾಗಿ ನಟ್ಟಿತ್ತು. ನೀನು ತಿಂದದ್ದು ನಾಲ್ಕೇ ಹೌದಲ್ಲ, ಎಂದು ಅವಳು ದಿನಾ ಸಮೀವುಲ್ಲಾನ ಹೊಟ್ಟೆಯ ಕಡೆ ನೋಡಿ ಕೇಳುತ್ತಿದ್ದಳು. ದಿನಾ ಅವನು ಕಸಿವಿಸಿಗೊಂಡು ನಾಲ್ಕೇ ಎನ್ನುತ್ತಿದ್ದ.

ಒಂದು ದಿನ ಎರಡೂ ಪ್ರಶ್ನೆ ಒಟ್ಟಿಗೆ ಬಂದಾಗ ಅವನಿಗೆ ಬೇರೆ ದಾರಿ ಕಾಣಲಿಲ್ಲ. ಅಕ್ಕಿಕಾಳನ್ನು ಸಾದಾ ರೀತಿಯಲ್ಲಿ ಕೊಡುವುದಿಲ್ಲ, ಗ್ರಾಫಿಕ್ಸ್ ಮಾಡಿ ಕೊಡುತ್ತೇನೆ, ಮೇಲಿಂದ ಹೂವಿನ ಮಳೆ ಬೀಳುತ್ತದೆ, ಅದಕ್ಕೇ ತಡ ಎಂದುಬಿಟ್ಟ. ಫಕ್ಕೀರವ್ವ ಎಲೆ ಅಡಿಕೆ ಉಗುಳಿ ಬಂದು, ಹೂವಿನ ಮಳೆಯೇ, ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಮನೆಗೆ ಹೋದಳು. ಮನೆಗೆ ಹೋಗುವ ದಾರಿಯಲ್ಲಿ ಹನ್ನೆರಡು ಮನೆಗಳಿದ್ದವು. ಹನ್ನೆರಡೂ ಮನೆಯಲ್ಲಿ ಅವಳು ನೀರು ಕುಡಿದಳು.

ಮರುದಿನದಿಂದ ಸಮೀವುಲ್ಲಾನ ಅಂಗಡಿಗೆ ಜನ ಬರತೊಡಗಿದರು. ಗ್ರಾಫಿಕ್ಸ್ ಎಂದರೆ ಆಗದ್ದನ್ನು ಆದ ಹಾಗೆ ಮಾಡುವ ವಿದ್ಯೆ ಎಂದು ಊರು ತಿಳಿದಿತ್ತು. ಸಮೀವುಲ್ಲಾನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಪುಂಡಲೀಕಪ್ಪನ ಚಿಕ್ಕಪ್ಪನೊಬ್ಬ ಬಂದು, ಹೊಲದ ವ್ಯಾಜ್ಯದಲ್ಲಿರುವ ತನ್ನ ಷಡ್ಡಕನನ್ನು ಇಡೀ ಮದುವೆಯಿಂದ ತೆಗೆದುಹಾಕಲು ಹೇಳಿದ. ಅರ್ಧ ತಾಸಿನ ಮೇಲೆ ಆ ಷಡ್ಡಕನೇ ಬಂದು ಚಿಕ್ಕಪ್ಪನನ್ನು ತೆಗೆಯಲು ಹೇಳಿದ. ಪಕ್ಕದಲ್ಲಿ ಮಿರ್ಚಿ ಕರಿಯುವ ಮಂಜವ್ವ, ಮದುವೆಯಲ್ಲಿ ತಾನು ಉಟ್ಟಿದ್ದ ಸೀರೆಯ ಬಣ್ಣ ಬದಲಿಸಿಕೊಡು, ಅದೇ ಬಣ್ಣದ್ದನ್ನು ಇನ್ನೂ ಮೂವರು ಉಟ್ಟಿದ್ದರು ಎಂದಳು. ಮುಂಡರಗಿಯಿಂದ ಬೀಗರು ಫೋನು ಮಾಡಿ, ಹೂವಿನ ಮಳೆ ಹೆಣ್ಣಿನ ಕಡೆಯವರ ಮೇಲಷ್ಟೇ ಬೀಳುತ್ತದೆಯೋ ತಮ್ಮ ಮೇಲೂ ಬೀಳುತ್ತದೆಯೋ ಎಂದು ವಿಚಾರಿಸಿದರು. ಸಮೀವುಲ್ಲಾ ಎಲ್ಲರಿಗೂ ಹೂಂ ಎಂದ. ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ, ಕೆಂಪು ದೀಪ ನೋಡುವುದು ಬರುತ್ತಿರಲಿಲ್ಲವಲ್ಲ, ಹಾಗೆ.

ಕೊನೆಗೆ ಬಂದವನು ಲೈನ್‌ಮನ್ ಅಂದಾನಪ್ಪ. ಖಾಕಿ ಅಂಗಿ, ಸೊಂಟದ ಬೆಲ್ಟಿನಲ್ಲಿ ತಂತಿ ಕತ್ತರಿಸುವ ಕೆಂಪು ಹಿಡಿಯ ಪಕ್ಕಡ್. ಊರಿನ ಕರೆಂಟು ಅವನ ಮನಸ್ಸಿನಂತೆ ಬಂದು ಹೋಗುತ್ತದೆ ಎಂದು ಜನ ನಂಬಿದ್ದರು, ಅವನೂ ಅಲ್ಲಗಳೆದಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮದುವೆಗೆ ತನಗೆ ಬರಲಾಗಲಿಲ್ಲ, ಪುಂಡಲೀಕಪ್ಪ ಬೇಜಾರಾಗಿದ್ದಾರೆ, ಗ್ರಾಫಿಕ್ಸಿನಲ್ಲಿ ತನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿಬಿಡು ಎಂದ.

“ಅವತ್ತ ದಿನಪೂರ್ತಿ ಮಾಗಡಿ ಹಳ್ಳಿ ಕಡೆ ಕಂಬದ ಮ್ಯಾಲಿದ್ದೆ. ಆ ಮದಿವಿ ಉಂಡಿ ರುಚಿ ಹ್ಯಾಂಗಿತ್ತು ಅನ್ನೂದs ಗೊತ್ತಿಲ್ಲ ನನಗ.”

ಮೂಲೆಯಲ್ಲಿ ಕೂತಿದ್ದ ಫಕ್ಕೀರವ್ವ ಪಾಪ ಎಂದು ನಿಟ್ಟುಸಿರು ಬಿಟ್ಟಳು.

ಪುಂಡಲೀಕಪ್ಪನೇನು ಸುಮ್ಮನಿರುತ್ತಾನೆಯೇ? ಪಂಚಮಿಗೆ ಶೈಲಾ ಗಂಡನ ಜೊತೆ ತವರಿಗೆ ಬರುತ್ತಾಳೆ, ಬೀಗರೂ ಬರುತ್ತಾರೆ, ಅವತ್ತು ಮನೆಯ ಮುಂದೆ ಪರದೆ ಕಟ್ಟಿ ಇಡೀ ಓಣಿಗೆ ಹೂವಿನ ಮಳೆ ತೋರಿಸುವುದೆಂದು ನಿಶ್ಚಯಿಸಿ ಗದಗಿನಿಂದ ಪ್ರೊಜೆಕ್ಟರ್ ಬಾಡಿಗೆಗೆ ಹೇಳಿಬಿಟ್ಟ. ಕದ್ದು ಮುಚ್ಚಿ ಒಬ್ಬ ಮುದುಕಿಯ ಕಣ್ಣಿಗೆ ಮಣ್ಣೆರಚಲು ಹೊರಟ ಸಮೀವುಲ್ಲಾನ ಮುಂದೆ ಈಗ ಒಂದು ಓಣಿಯ ಕಣ್ಣುಗಳಿದ್ದವು.

ಮರುದಿನವೇ ಗದಗಿಗೆ ಹೋದ. ಕಾರ್ಡಿನ ಅಳತೆ ತಪ್ಪಬಾರದೆಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ಕೂರುವ ಸಂದನ್ನು ಕಸಬರಿಗೆ ಕಡ್ಡಿಯಿಂದ ಅಳೆದು, ಕಡ್ಡಿಯನ್ನು ಅಷ್ಟಕ್ಕೇ ಮುರಿದು ಜೇಬಿನಲ್ಲಿಟ್ಟುಕೊಂಡಿದ್ದ. ಮಗುವಿಗೆ ಚಪ್ಪಲಿ ತರುವಾಗ ಎಲ್ಲರೂ ಹಾಗೇ ಒಯ್ಯುತ್ತಾರೆ. ವೀರು ಆ ಕಡ್ಡಿಯನ್ನು ಬಹಳ ಹೊತ್ತು ನೋಡಿದ. ಉದ್ದ ಒಂದೇ ಇದ್ದರೂ ಹಳೆಯ ಕಾರ್ಡಿನ ಕಚ್ಚು ಬೇರೆ ಕಡೆ ಇರುತ್ತದೆ, ಹೊಸದರ ಕಚ್ಚು ಬೇರೆ ಕಡೆ, ಕಡ್ಡಿಯಲ್ಲಿ ಅದು ಕಾಣುವುದಿಲ್ಲ ಎಂದು ತಿಳಿಸಿ ಹೇಳಿ, ಹಳೆಯ ಮಾದರಿಯ ಕಾರ್ಡೊಂದನ್ನು ಹುಡುಕಿ ಕೊಟ್ಟ. ಜೊತೆಗೆ ಬೆರಳುದ್ದದ ಎರಡು ಮೆಮೊರಿ ಪಟ್ಟಿ ಕೊಟ್ಟ. ಕಂಪ್ಯೂಟರನ್ನು ಇಲ್ಲಿಗೇ ತಂದರೆ ತಾನೇ ಜೋಡಿಸುತ್ತೇನೆ ಎಂದ.

ಇಲ್ಲಿ ಸಮೀವುಲ್ಲಾನ ಒಳಗಿನ ದೊಡ್ಡ ಮನುಷ್ಯ ಎದ್ದು ನಿಂತ. ಹದಿನಾಲ್ಕು ವರ್ಷ ಮಷೀನಿನ ಜೊತೆ ಬಾಳುವೆ ಮಾಡಿದವನಿಗೆ ಎರಡು ಸ್ಕ್ರೂ ಬಿಚ್ಚಲು ಗದಗಿನ ತನಕ ಬರಬೇಕೇ ಎಂದು ನಕ್ಕ. ವೀರು ಹಾಗಾದರೆ ಒಂದು ಮಾತು ನೆನಪಿಡಿ ಎಂದು ಪಟ್ಟಿಯ ಅಂಚಿನಲ್ಲಿ ಸಾಲಾಗಿ ಹೊಳೆಯುತ್ತಿದ್ದ ಬಂಗಾರದ ಬಣ್ಣದ ಹಲ್ಲುಗಳನ್ನು ತೋರಿಸಿದ.

“ಈ ಹಲ್ಲಿಗೆ ಯಾರ ಕೈನೂ ಮುಟ್ಟಬಾರದು ನೋಡ್ರಿ. ಹೊಲಸಾತಂದ್ರ ಮಷೀನು ಏಳೂದಿಲ್ಲ.”

ಸಮೀವುಲ್ಲಾ ಅವನ್ನು ಬಸ್ಸಿನಲ್ಲಿ ಹೂವಿನ ಪೊಟ್ಟಣದಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಅಂಗಡಿಯ ಮೇಜಿನ ಮೇಲೆ ಶುಭ್ರವಾದ ಪೇಪರು ಹಾಸಿ, ಕಾರ್ಡು, ಪಟ್ಟಿ ಎರಡನ್ನೂ ಮಲಗಿಸಿದ. ಸ್ಕ್ರೂ ಡ್ರೈವರ್ ಮನೆಯಲ್ಲಿತ್ತು. ಹೋಗಿ ಬರುವ ತನಕ ಕಾಯಲು ಒಬ್ಬರು ಬೇಕು. ಫಕ್ಕೀರವ್ವ ಇದ್ದೇ ಇದ್ದಳಲ್ಲ.

“ಆಯಿ, ಇದಕ್ಕ ಯಾರೂ ಕೈ ಹಚ್ಚದಂಗ ನೋಡಕೋರಿ. ನಿಮ್ಮ ಅಕ್ಕಿಕಾಳು ಇದರಾಗs ಐತಿ.”

ಕಾವಲು ಎಂದರೆ ಫಕ್ಕೀರವ್ವನಿಗೆ ಹೇಳಿಕೊಡಬೇಕಿಲ್ಲ. ಆ ಅರ್ಧ ಗಂಟೆಯಲ್ಲಿ ಅವಳು ಒಂದು ಬೆಕ್ಕನ್ನು, ಒಬ್ಬ ಫೋಟೋ ಗಿರಾಕಿಯನ್ನು, ನೋಡಿ ಹೋಗುತ್ತೇನೆಂದ ಮಂಜವ್ವನನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದಳು. ಯಾರ ಕೈಯೂ ತಾಗಲಿಲ್ಲ. ಗುಲ್ನಾಜ ಬಂದು ಬಾಗಿಲಲ್ಲೇ ನಿಂತು, ಹೊಸ ಸಾಮಾನಿಗೆ ದೂರದಿಂದ ಲೋಬಾನದ ಹೊಗೆ ತೋರಿಸಿ ಹೋದಳು. ಹೊಗೆಗೆ ಕೈಯಿಲ್ಲವಾದ್ದರಿಂದ ಅದಕ್ಕೆ ಅಪ್ಪಣೆ ಸಿಕ್ಕಿತು.

ಸಮೀವುಲ್ಲಾ ಬಂದು ಉಸಿರು ಬಿಗಿಹಿಡಿದು ಎಲ್ಲ ಜೋಡಿಸಿದ. ಬೀಡಿ ಕಟ್ಟುವವರ ಹಾಗೆ ತಲೆ ಬಗ್ಗಿಸಿ, ಕೂರಿಸುವ ಸಂದಿನಿಂದ ಕಣ್ಣು ಎತ್ತದೆ, ಬೆರಳಿನ ತುದಿಯಲ್ಲಿ ಹಿಡಿದು ಕೂರಿಸಿದ. ಗುಂಡಿ ಒತ್ತಿದ. ಪರದೆ ಕಪ್ಪಗೆ ಇದ್ದಂತೆಯೇ ಉಳಿಯಿತು. ಒಳಗಿಂದ ಕೂಂ ಎಂದು ಒಂದು ಉದ್ದ ಕೂಗು ಬಂತು. ಸ್ವಲ್ಪ ತಡೆದು ಇನ್ನೊಂದು. ಮತ್ತೊಂದು. ಅದು ಹಿಂದಕ್ಕೆ ಬರುವ ಲಾರಿಯ ಕೂಗಿನಂತಿದ್ದುದರಿಂದ ರಸ್ತೆಯಲ್ಲಿ ನಿಂತಿದ್ದವರು ತಿರುಗಿಯೂ ನೋಡದೆ ಗಟಾರದ ಆಚೆಗೆ ಜಿಗಿದರು. ಮಂಜವ್ವ ಎಣ್ಣೆಯ ಬಾಣಲೆಯನ್ನು ಎತ್ತಿಕೊಂಡು ಒಳಗೆ ಓಡಿದಳು. ಎದುರಿನ ಟೇಲರ್ ಬಂದು, ಇದು ಓಲ್ಟೇಜಿನ ದೋಷ ಎಂದ. ಇನ್ನೊಬ್ಬರು ಹೊಸ ಸಾಮಾನಿನ ಭಾರ ಹಳೆಯ ಮಷೀನು ತಡೆಯುತ್ತಿಲ್ಲ, ಅದಕ್ಕೇ ನರಳುತ್ತಿದೆ ಎಂದರು. ಫಕ್ಕೀರವ್ವ ಮಾತ್ರ ಅಕ್ಕಿಕಾಳು ಒಳಗೆ ಅಳುತ್ತಿದೆ ಎಂಬಂತೆ ಡಬ್ಬಿಯನ್ನು ಸವರಿದಳು. ಪಂಚಮಿಗೆ ಮೂರು ದಿನ ಉಳಿದಿತ್ತು.

ಮರುದಿನ ಸಮೀವುಲ್ಲಾ ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಗದಗಿನ ಬಸ್ಸಿನಲ್ಲಿ ಕೂತ. ಕಂಡಕ್ಟರು ಒಳಗೇನಿದೆ ಎಂದು ಕೇಳಿದ. ತಲೆ ಕೆಟ್ಟಿದ್ದ ಸಮೀವುಲ್ಲಾನ ಬಾಯಲ್ಲಿ, ಪುಂಡಲೀಕಪ್ಪ ಸಾವುಕಾರರ ಮಗಳ ಅಕ್ಕಿಕಾಳು ಎಂದು ಬಂದುಬಿಟ್ಟಿತು. ಕಂಡಕ್ಟರು ಲಗೇಜಿನ ಮಾತು ಬಿಟ್ಟು ಪಕ್ಕದಲ್ಲೇ ಕೂತು, ಹೂವಿನ ಮಳೆ ಬೀಳುವುದು ಖರೆಯೇ ಎಂದು ಕೇಳಿದ.

ವೀರು ಡಬ್ಬಿ ಬಿಚ್ಚಿ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದ. ದೀಪದ ಕೆಳಗೆ ಹಿಡಿದ. ಬಂಗಾರದ ಹಲ್ಲುಗಳ ಮೇಲೆ, ಈ ತುದಿಯಿಂದ ಆ ತುದಿಯ ತನಕ, ಬೆಳ್ಳಗೆ, ಅಚ್ಚುಕಟ್ಟಾಗಿ, ಮೂರು ಗೆರೆ ವಿಭೂತಿ. ಎರಡನೇ ಪಟ್ಟಿಗೂ ಮೂರು ಗೆರೆ. ಕಾರ್ಡಿಗೆ ಜಾಗ ಹೆಚ್ಚಿದ್ದುದರಿಂದ ಗೆರೆಗಳು ಇನ್ನಷ್ಟು ದಪ್ಪವಾಗಿದ್ದವು.

“ಇದನ್ನ ಯಾವ ಮಠಕ್ಕ ಒಯ್ದಿದ್ರಿ?” ಎಂದ ವೀರು.

ಯಾರ ಕೈಯೂ ತಾಗದಂತೆ ಕಾಯ್ದವಳು, ಆ ಹೊಸ ಸಾಮಾನು ಬರಿಯ ಹಣೆಯಲ್ಲಿ ಒಳಗೆ ಹೋಗುವುದನ್ನು ಹೇಗೆ ಸಹಿಸಿಯಾಳು ಎಂಬುದು ಸಮೀವುಲ್ಲಾನಿಗೆ ಆಗ ಹೊಳೆಯಿತು. ಹೊಳೆಯುವ ಕಡೆಯೇ ಹಣೆ ಎಂದು ಅವಳು ತಿಳಿದಿದ್ದರೆ ಅದೂ ತಪ್ಪಲ್ಲ. ವೀರು ಮೇಜಿನ ಖಾನೆಯಿಂದ ಶಾಲೆಯ ಮಕ್ಕಳ ಅಳಿಸುವ ರಬ್ಬರು ತೆಗೆದು ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಊದಿ, ಮತ್ತೆ ಕೂರಿಸಿದ. ಗುಂಡಿ ಒತ್ತಿದರೆ ಕಂಪ್ಯೂಟರು ಚಿಕ್ಕದಾಗಿ ಒಮ್ಮೆ ಟಿಕ್ ಎಂದು ಎದ್ದು ಕೂತಿತು. ಎಷ್ಟೋ ವರ್ಷದ ಮೇಲೆ ಅದು ಒಂದೇ ಮಾತಿಗೆ ಎದ್ದದ್ದು ಅವತ್ತೇ.

ಊರಿಗೆ ಬಂದಾಗ ಫಕ್ಕೀರವ್ವ ಅಂಗಡಿಯ ಕಟ್ಟೆಯ ಮೇಲೇ ಇದ್ದಳು. ತಾನು ಹಚ್ಚಿದ ವಿಭೂತಿಯಿಂದಲೇ ಚಾಲೂ ಆಯಿತಲ್ಲ ಎಂದು ಕೇಳಿದಳು. ಅವಳ ಮುಖದಲ್ಲಿ ಅಷ್ಟು ಆಸೆಯಿತ್ತು. ಸಮೀವುಲ್ಲಾ ಹೌದ್ರಿ ಆಯಿ ಎಂದ. ಆ ಹಂಗಾಮಿನಲ್ಲಿ ಅವನು ಹೇಳಿದ ಸುಳ್ಳುಗಳಲ್ಲಿ ಅದೊಂದು ಮಾತ್ರ ಅವನಿಗೆ ಚುಚ್ಚಲಿಲ್ಲ.

ಎರಡು ದಿನ ಕೂತು ಅವನು ಹೂ ಸುರಿಸಿದ. ಈಗ ಕಂಪ್ಯೂಟರಿಗೆ ದಣಿವೇ ಇರಲಿಲ್ಲವಾದ್ದರಿಂದ ಕೈ ತಡೆಯಲಿಲ್ಲ. ಗುಲಾಬಿಯ ಮೇಲೆ ಮಲ್ಲಿಗೆ, ಮಲ್ಲಿಗೆಯ ಮೇಲೆ ಪಾರಿವಾಳ, ಹಿಂದೆ ಜಲಪಾತ, ಮುಂದೆ ಎರಡು ನವಿಲು. ನಡುವೆ ಏಳು ಕೈ ಮತ್ತು ಅರ್ಧ ಬಾಸಿಂಗ ಬುಗುರಿಯಂತೆ ತಿರುಗಿದವು.

ಪಂಚಮಿಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿ ತುಂಬಿತು. ಬಿಳಿ ಪರದೆಯ ಮುಂದೆ ಬೀಗರು, ಅವರ ಪಕ್ಕ ಪುಂಡಲೀಕಪ್ಪ, ಒಂದು ಕುರ್ಚಿಯಲ್ಲಿ ಲೈನ್‌ಮನ್ ಅಂದಾನಪ್ಪ. ಕೆಳಗೆ ಚಾಪೆಯ ಮೇಲೆ ಶೈಲಾ, ಅವಳಿಗೆ ಒರಗಿಕೊಂಡು ಫಕ್ಕೀರವ್ವ, ಹೊಸ ಕನ್ನಡಕದಲ್ಲಿ. ಅದಕ್ಕಾಗಿಯೇ ಮಗನಿಗೆ ದುಂಬಾಲು ಬಿದ್ದು ಹೋದ ವಾರ ಮಾಡಿಸಿಕೊಂಡ ಕನ್ನಡಕ ಅದು.

ಅಕ್ಕಿಕಾಳು ಬಂತು. ಹೂ ಸುರಿಯಿತು. ಜನ ಸಿಳ್ಳೆ ಹೊಡೆದರು. ಬೀಗರು ತಮ್ಮ ಕಡೆಗೂ ಎರಡು ಗುಲಾಬಿ ಬಿದ್ದದ್ದನ್ನು ಕಂಡು ತಲೆಯಾಡಿಸಿದರು. ನಾಲ್ಕು ನಿಮಿಷ ಮುಗಿದು ಚಪ್ಪಾಳೆ ನಿಂತಾಗ ಫಕ್ಕೀರವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಇನ್ನೊಮ್ಮೆ ತೋರಿಸಲು ಹೇಳಿದಳು. ತೋರಿಸಿದ. ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ ಮುಗಿದಾಗ ಅವಳ ದನಿ ಸಣ್ಣಗಾಗಿತ್ತು.

“ತಮ್ಮಾ, ನವಿಲು ಕಂಡ್ವು, ನೀರು ಕಂಡ್ವು. ನಮ್ಮ ಶೈಲಾ ಎಲ್ಲಿ ಅದಾಳೋ?”

ಎಲ್ಲರೂ ನೋಡಿದ್ದರು, ಯಾರಿಗೂ ಅದು ಹೊಳೆದಿರಲಿಲ್ಲ. ಹೂ ತೆಗೆ ಎಂದಳು ಫಕ್ಕೀರವ್ವ. ತೆಗೆಯಲು ಬರುವುದಿಲ್ಲ ಎಂದ. ನೀರನ್ನಾದರೂ ತೆಗೆ ಎಂದಳು. ಸಮೀವುಲ್ಲಾನ ಬೆನ್ನಿನಲ್ಲೇ ಜಲಪಾತ ಇಳಿಯುತ್ತಿತ್ತು. ಶೈಲಾ ಹಿಂದೆ ತಿರುಗಿ, ಹೂವಿಲ್ಲದ ಮೊದಲಿನ ಕ್ಯಾಸೆಟ್ಟನ್ನೇ ಕ್ಯಾಮೆರಾದಿಂದ ನೇರ ಹಚ್ಚಿಬಿಡಬಹುದಲ್ಲ ಎಂದಳು. ಅದು ಕೆಟ್ಟಿದೆ, ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ ಎಂದು ಅವನು ಮೂರು ಕಾರಣವನ್ನು ಒಂದೇ ಉಸಿರಿಗೆ ಕೊಟ್ಟ.

ಹೆಂಗಸರ ಗುಂಪಿನಿಂದ ಗುಲ್ನಾಜ ಗಂಡನಿಗೆ ಸಹಾಯವಾಗಲಿ ಎಂದು ಎದ್ದು ನಿಂತಳು. ಗಂಡ ಅದನ್ನು ಯಾಕೆ ಅಡಗಿಸಿಟ್ಟಿದ್ದನೋ ಅವಳಿಗೆ ಗೊತ್ತಿರಲಿಲ್ಲ.

“ಸಿಕ್ಕೈತಲ್ರೀ. ಮುಂಜಾನೆ ಜೋಳದ ಡಬ್ಬ್ಯಾಗ ಇತ್ತು. ನಾನs ನಿಮ್ಮ ಕ್ಯಾಮೆರಾ ಚೀಲದಾಗ ಹಾಕೀನಿ.”

ಇನ್ನು ಮಾಡುವುದೇನಿತ್ತು? ಸಮೀವುಲ್ಲಾ ಬಳೆ ವ್ಯಾಪಾರವನ್ನು ಮನಸ್ಸಿನಲ್ಲೇ ಒಪ್ಪಿಕೊಂಡು, ಕ್ಯಾಸೆಟ್ಟು ಹಾಕಿ, ವೈರು ಸಿಕ್ಕಿಸಿ ಕಣ್ಣು ಮುಚ್ಚಿಕೊಂಡ. ಪರದೆಯ ಮೇಲೆ ಅವನ ಮುಖ ಬಂತು, ಎರಡಾಳು ಎತ್ತರ, ಬುಂದೇ ಕಾಳಿನ ಮೀಸೆ ಸಮೇತ. ಓಣಿ ನಕ್ಕ ನಗೆಗೆ ಹೆಂಚಿನ ಮೇಲಿನ ಪಾರಿವಾಳಗಳು ಎದ್ದವು. ಪುಂಡಲೀಕಪ್ಪ ಅರ್ಧ ಎದ್ದು ನಿಂತ. ಪರದೆಯ ಸಮೀವುಲ್ಲಾ ಬ್ಯಾಂಡಿನ ಸದ್ದಿಗೆ ಓಡಿಹೋದ. ನಗು ಮೆಲ್ಲಗೆ ನಿಂತಿತು.

ಉಗ್ರಾಣದಲ್ಲಿ ಈಗ ಫಕ್ಕೀರವ್ವ ಒಬ್ಬಳೇ ಇದ್ದಳು. ಹೊರಗೆ ಅಯ್ಯನವರು ಮಂಗಳಾಷ್ಟಕ ಹೇಳುವುದು ಕೇಳುತ್ತಿತ್ತು. ಮುದುಕಿ ಮಂಡಿಗೆ ಕೈಕೊಟ್ಟು ಎದ್ದಳು. ಬಾಗಿಲ ತನಕ ಹೋದಳು. ಬುಟ್ಟಿಗಳ ಕಡೆ ನೋಡಿದಳು, ತಿರುಗಿ ಬಂದಳು. ಸೆರಗು ತಲೆಯ ಮೇಲೆಳೆದುಕೊಂಡು ಬಾಯಿ ತೆರೆದ ಇನ್ನೊಂದು ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದಳು. ಸಾವಧಾನ ಎಂದು ಕೇಳಿದಾಗ ಮಂಟಪವಿದ್ದ ದಿಕ್ಕಿನ ಗೋಡೆಗೆ ನಾಲ್ಕು ಕಾಳು ಎರಚಿದಳು. ಮತ್ತೆ ಸಾವಧಾನ ಎಂದಾಗ ಮತ್ತೆ ಎರಚಿದಳು. ಅಕ್ಕಿ ಗೋಡೆಗೆ ಬಡಿದು ಕೆಳಗೆ ಬೀಳುವ ಸದ್ದು ಸಹ ಕ್ಯಾಮೆರಾದಲ್ಲಿ ಬಂದಿತ್ತು. ಎಲ್ಲ ಮುಗಿದ ಮೇಲೆ ಗೋಡೆಗೇ ಕೈ ಮುಗಿದು, ಕಣ್ಣಿಗೆ ಸೆರಗು ಒತ್ತಿಕೊಂಡು ನಿಂತಳು.

ಪುಂಡಲೀಕಪ್ಪ ನಿಂತಲ್ಲೇ ನಿಂತಿದ್ದ. ಅವತ್ತು ಆ ಹೊತ್ತಿಗೆ ಅವ್ವ ಎಲ್ಲಿದ್ದಾಳೆ ಎಂದು ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದು ಎಲ್ಲರಿಗೂ ಕಾಣುವಂತೆ ಆಯಿತು. ಕುರ್ಚಿಗೆ ಮರಳದೆ ಬಂದು ತಾಯಿಯ ಪಕ್ಕ ಚಾಪೆಯ ಮೇಲೆ ಕೂತ. ಶೈಲಾ ಅಜ್ಜಿಯ ಕೈ ಹಿಡಿದುಕೊಂಡು ಅಳುತ್ತಿದ್ದಳು.

“ಆಯಿ, ಅವತ್ತ ನಿನ್ನ ಕೈ ಎಲ್ಲೈತಿ ಅಂತ ಮಂದ್ಯಾಗ ಹುಡುಕಿದ್ದೆ. ಈಗ ಬಿದ್ವು ನೋಡು ನಿನ್ನ ಅಕ್ಕಿಕಾಳು.”

ಇಷ್ಟಕ್ಕೆ ಮುಗಿದಿದ್ದರೆ ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಆದರೆ ಪರದೆಯ ಮೇಲೆ ಫಕ್ಕೀರವ್ವ ಇನ್ನೂ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಅವಳ ಬೆನ್ನ ಹಿಂದಿನ ಕಿಟಕಿಯಿಂದ ಒಂದು ಕೈ ಒಳಗೆ ಬಂತು. ಖಾಕಿ ತೋಳಿನ ಕೈ. ಅದು ಬುಟ್ಟಿಯಿಂದ ಒಂದು ಉಂಡಿ ಎತ್ತಿ ಹೊರಗೆ ಹೋಯಿತು, ಮತ್ತೆ ಬಂತು. ಮಂಜವ್ವ ಅಭ್ಯಾಸಬಲದಿಂದ ಮಿರ್ಚಿ ಎಣಿಸುವ ದನಿಯಲ್ಲಿ ಎಣಿಸತೊಡಗಿದಳು. ಹನ್ನೆರಡರ ಹೊತ್ತಿಗೆ ಓಣಿಯೇ ಎಣಿಸುತ್ತಿತ್ತು. ಕೊನೆಗೆ ದೂರದ ಉಂಡಿಗಾಗಿ ಕೈಯ ಒಡೆಯ ಕಿಟಕಿಯಲ್ಲಿ ಸೊಂಟದ ತನಕ ಬಾಗಿದ. ಬೆಲ್ಟಿನಲ್ಲಿ ಕೆಂಪು ಹಿಡಿಯ ಪಕ್ಕಡ್ ಹೊಳೆಯಿತು. ಇಪ್ಪತ್ತೊಂದು ಎಂದಳು ಮಂಜವ್ವ.

ಎಲ್ಲರೂ ಮುಂದಿನ ಸಾಲಿನ ಕುರ್ಚಿಯ ಕಡೆ ತಿರುಗಿದರು. ಗ್ರಾಫಿಕ್ಸಿನ ಸಹಾಯವಿಲ್ಲದೆಯೇ ಅಂದಾನಪ್ಪ ಮದುವೆಯಲ್ಲಿ ಕಾಣಿಸಿಕೊಂಡಿದ್ದ. ಫಕ್ಕೀರವ್ವ ಕನ್ನಡಕದ ಮೇಲಿಂದ ಅವನನ್ನೂ, ಆಮೇಲೆ ಸೊಸೆಯನ್ನೂ ನೋಡಿದಳು.

“ಮಾಗಡಿ ಕಂಬ ಇಷ್ಟ ಹತ್ರ ಐತೇನಪಾ, ಅಂದಾನಪ್ಪಾ?”

ಆ ಕ್ಷಣಕ್ಕೇ ಕರೆಂಟು ಹೋಯಿತು. ಅಂದಾನಪ್ಪನ ಮನಸ್ಸಿನಂತೆ ಹೋಯಿತೋ ತಾನಾಗಿ ಹೋಯಿತೋ ಹೇಳಲಾಗದು, ಆದರೆ ಅವನ ಪಾಲಿಗೆ ಅದು ಒಳ್ಳೆಯದೇನೂ ಆಗಲಿಲ್ಲ. ಕತ್ತಲಲ್ಲಿ ಫಕ್ಕೀರವ್ವನ ದನಿ, ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿಡು ಸಮೀ, ಮೊದಲಿಂದ ನೋಡಬೇಕು ಎಂದಿತು. ಆಮೇಲೆ ಎಲ್ಲರೂ ಸೇರಿ ಲೈನ್‌ಮನ್‌ನನ್ನು ಕಂಬದ ಬುಡಕ್ಕೆ ಕರೆದೊಯ್ದರು. ಅವನು ಹತ್ತಿದ. ಫಕ್ಕೀರವ್ವ ತಾನೇ ಟಾರ್ಚು ಹಿಡಿದು ಅವನ ಕಾಲಿಗೆ ಬೆಳಕು ತೋರಿಸಿದಳು, ಬೀಳಬ್ಯಾಡಪಾ, ಉಂಡಿ ಭಾರ ಇರ್ತಾವ ಎಂದು ಎಚ್ಚರಿಸಿದಳು.

ಇಂಥ ದೃಶ್ಯ ಶಿರಹಟ್ಟಿಯಲ್ಲಿ ಮತ್ತೆ ಸಿಗುವುದಿಲ್ಲ ಎಂದು ಸಮೀವುಲ್ಲಾನಿಗೆ ಅನಿಸಿತು. ಕ್ಯಾಸೆಟ್ಟನ್ನು ಆಗಲೇ ಪೂರ್ತಿ ಹಿಂದಕ್ಕೆ ತಿರುಗಿಸಿದ್ದ. ಕ್ಯಾಮೆರಾ ಹೆಗಲಿಗೇರಿಸಿ, ಗುಂಡಿ ಒತ್ತಿ, ಅಂದಾನಪ್ಪ ಹತ್ತುವುದನ್ನೂ, ಸರಿಮಾಡುವುದನ್ನೂ, ಇಳಿಯುವುದನ್ನೂ ಹತ್ತು ನಿಮಿಷ ಬಿಡದೆ ತೆಗೆದ. ಕರೆಂಟು ಬಂತು. ಎಲ್ಲರೂ ಓಡಿಬಂದು ಪರದೆಯ ಮುಂದೆ ಕೂತರು. ವೈರು ಸಿಕ್ಕಿಸುವಾಗ ಅವನಿಗೆ ನೆನಪಾಯಿತು: ಕ್ಯಾಮೆರಾದಲ್ಲಿದ್ದದ್ದು ಅದೇ ಮೂರನೇ ಕ್ಯಾಸೆಟ್ಟು. ಅದರ ಮೇಲೆಯೇ ತೆಗೆದಿದ್ದರೆ ಅಕ್ಕಿ, ಗೋಡೆ, ಮುದುಕಿ ಎಲ್ಲ ಅಳಿಸಿ ಈಗ ಅಲ್ಲಿ ಅಂದಾನಪ್ಪನ ಪಾದಗಳಿರುತ್ತವೆ. ಇನ್ನೊಂದು ಪ್ರತಿ ಲೋಕದಲ್ಲೆಲ್ಲೂ ಇರಲಿಲ್ಲ.

ಫಕ್ಕೀರವ್ವ ಕನ್ನಡಕ ಸರಿಮಾಡಿಕೊಂಡು ಕಾಯುತ್ತಿದ್ದಳು. ಸಮೀವುಲ್ಲಾ ಅಲ್ಲಾನನ್ನೂ ಊರ ಮಠದ ಫಕೀರೇಶನನ್ನೂ ಒಟ್ಟಿಗೆ ನೆನೆದು ಗುಂಡಿ ಒತ್ತಿದ.

ಪರದೆಯ ಮೇಲೆ ಅವನ ಮೀಸೆ ಬಂತು. ಬುಂದೇ ಕಾಳು ಬಂತು. ಆಮೇಲೆ ಫಕ್ಕೀರವ್ವ ಮಂಡಿಗೆ ಕೈಕೊಟ್ಟು ಎದ್ದು, ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದಳು. ಕಂಬದ ಬುಡದಲ್ಲಿ ಆ ಹತ್ತು ನಿಮಿಷವೂ ಕ್ಯಾಮೆರಾದ ಕೆಂಪು ದೀಪ ಹತ್ತಿರಲೇ ಇಲ್ಲ.